ಉದ್ಯಾನ್ ಎಕ್ಸ್‌ಪ್ರೆಸ್ ದಾಟುವ ಕೇಡಗಾಂವ್: ರಮಾಬಾಯಿ ಎರಡು ಸಲ ತಿರುಗಿದ ಕತೆ

ಪುಣೆಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುವವರಿಗೆ ಈ ದಾರಿ ಗೊತ್ತು. ದೌಂಡ್ ಬರೋದಕ್ಕೆ ಮೊದಲು ಕೇಡಗಾಂವ್ ಅನ್ನೋ ಸಣ್ಣ ಸ್ಟೇಷನ್ ಕಿಟಕಿಯಾಚೆ ಸರಿದುಹೋಗುತ್ತದೆ. ನಾನೂ ಎಷ್ಟೋ ಸಲ ಮೊಬೈಲ್ ನೋಡುತ್ತಲೇ ದಾಟಿದ್ದೇನೆ. ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಮನೆಮಾತು ಮರಾಠಿ, ಆದರೆ ಕನ್ನಡವೂ ಬರುತ್ತಿತ್ತು.

ಮತಾಂತರ ಅಂದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಜಗಳ ಶುರುವಾಗುತ್ತೆ, ಅಲ್ವಾ? ಕನ್ನಡ ಕ್ರೈಸ್ತರಲ್ಲಿ ಇನ್ನೊಂದು ಪದ ಇದೆ: ಮಾನಸಾಂತರ. ಪಶ್ಚಾತ್ತಾಪಪಟ್ಟು ಮನಸ್ಸೇ ಬೇರೆ ದಿಕ್ಕಿಗೆ ತಿರುಗುವುದು. ಗ್ರೀಕಿನ ಮೆಟನೋಯಾಕ್ಕೂ ಹೆಚ್ಚುಕಡಿಮೆ ಇದೇ ಅರ್ಥ. ಈ ಎರಡು ಪದಗಳ ನಡುವೆ ರಮಾಬಾಯಿಯವರ ಬದುಕಿನಲ್ಲಿ ಎಂಟು ವರ್ಷಗಳ ಅಂತರ ಇತ್ತು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಊರವರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದವರು. ಪುರಾಣ ಹೇಳುತ್ತಾ ಊರೂರು ಅಲೆದ ಕುಟುಂಬ 1870ರ ದಶಕದ ಕ್ಷಾಮಕ್ಕೆ ಸಿಕ್ಕಿತು. ತಂದೆ, ತಾಯಿ, ಅಕ್ಕ ಎಲ್ಲರೂ ಹೋದರು. ಅಣ್ಣನ ಜೊತೆ 1878ರಲ್ಲಿ ಕಲ್ಕತ್ತಾ ತಲುಪಿದ ಹುಡುಗಿಗೆ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಬಿರುದು ಕೊಟ್ಟರು. ಮುಂದೆ ಮದುವೆ, 1882ರಲ್ಲಿ ವೈಧವ್ಯ, ಕೈಯಲ್ಲೊಂದು ಮಗು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜಿನ ಸನ್ಯಾಸಿನಿಯರು, ಸಮಾಜ 'ಕೆಟ್ಟವರು' ಅಂತ ತಳ್ಳಿದ ಹೆಂಗಸರಿಗಾಗಿ ಲಂಡನ್ನಿನಲ್ಲಿ ನಡೆಸುತ್ತಿದ್ದ ಆಶ್ರಯಧಾಮ ನೋಡಿದರು. ದೂರಬೇಕಾದವರನ್ನು ಇವರು ಆರೈಕೆ ಮಾಡ್ತಾರಲ್ಲ, ಯಾಕೆ? ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳು ಮನೋರಮೆಯ ಜೊತೆ ದೀಕ್ಷಾಸ್ನಾನ ಪಡೆದರು. ಪುಣೆ ಕೆರಳಿತು, ಜ್ಯೋತಿಬಾ ಫುಲೆ ಮಾತ್ರ 1885ರಲ್ಲಿ 'ಸತ್ಸಾರ'ದಲ್ಲಿ ಅವರ ಪರ ಬರೆದರು.

ಹಾಗಂತ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹೆಣ್ಣುಮಗಳಲ್ಲ ಅವರು. ತ್ರಯೇಕತ್ವದ ಬಗ್ಗೆ ಗುರುಗಳ ಜೊತೆ ಪತ್ರದಲ್ಲೇ ವಾದಕ್ಕಿಳಿದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕಿರಬೇಕು, ಸಂಸ್ಕೃತ ಇದ್ದರೇನು ಅಂತ ಕೇಳಿದರು! (ಇಂಥವರನ್ನು ಯಾರೋ ಆಮಿಷ ಒಡ್ಡಿ ಸೆಳೆದರು ಅನ್ನೋದು ನನಗಂತೂ ನಂಬೋಕಾಗಲ್ಲ.)

ಆದರೆ 1907ರ ತಮ್ಮ ಆತ್ಮಸಾಕ್ಷ್ಯದಲ್ಲಿ ಅವರು ಬರೆದುಕೊಂಡದ್ದು ವಿಚಿತ್ರವಾಗಿದೆ. ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ, ನನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತ ಸಿಕ್ಕಿಲ್ಲ ಅಂತ ಅವರಿಗೆ ಅರಿವಾಯಿತಂತೆ. ದಾರಿ ತೋರಿಸಿದ ಪುಸ್ತಕ ವಿಲಿಯಂ ಹ್ಯಾಸ್ಲಮ್ ಎಂಬ ಪಾದ್ರಿಯದು. ಹ್ಯಾಸ್ಲಮ್ 1851ರಲ್ಲಿ ಪೀಠದಲ್ಲಿ ನಿಂತು ಬೋಧನೆ ಮಾಡುತ್ತಿರುವಾಗಲೇ ಮನಸ್ಸು ತಿರುಗಿದವನು. ಬೋಧಕನಿಗೇ ಮಾನಸಾಂತರ ಬೇಕಾಯಿತು! ಪಂಡಿತೆಗೆ ಅದು ತಟ್ಟಿರಬೇಕು. ಓದಿ, ವಾದಿಸಿ ಗೆದ್ದಿದ್ದು ಸಾಲದು, ತಾನೂ ಕ್ಷಮೆ ಬೇಡಬೇಕಾದ ಪಾಪಿ ಅಂತ ಒಪ್ಪಿಕೊಂಡರು.

ಇದರ ಬೆಲೆ ಬೇರೆಯವರೂ ತೆರಬೇಕಾಯಿತು. 1889ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಪುಣೆಗೆ ಬಂದ ಶಾರದಾ ಸದನ ವಿಧವೆಯರ ಶಾಲೆ. ಅಲ್ಲಿ ಧರ್ಮದ ವಿಷಯದಲ್ಲಿ ತಟಸ್ಥವಾಗಿರುತ್ತೇವೆ ಅಂತ ಮಾತು ಕೊಟ್ಟಿದ್ದರು. ಈಗ ಅವರ ಪ್ರಾರ್ಥನೆಗೆ ಹುಡುಗಿಯರೂ ಬಂದು ಕೂರತೊಡಗಿದರು. ಬಲವಂತ ಇರಲಿಲ್ಲ, ಬಾಗಿಲು ತೆರೆದಿತ್ತು ಅಷ್ಟೇ ಅನ್ನುವುದು ಅವರ ವಾದ. 1893ರಲ್ಲಿ ರಾನಡೆ, ಭಂಡಾರ್ಕರ್ ಸಲಹಾ ಮಂಡಳಿ ಬಿಟ್ಟರು, ಎಷ್ಟೋ ಮನೆಯವರು ಹುಡುಗಿಯರನ್ನು ಕರೆದೊಯ್ದರು. ಅನ್ನ ಕೊಡುವವರ ತೆರೆದ ಬಾಗಿಲಿಗೂ ಒಂದು ಒತ್ತಡ ಇರುತ್ತದೆ ಅಂತ ನನಗನ್ನಿಸುತ್ತೆ; ರಾನಡೆಯವರನ್ನು ಸಂಕುಚಿತರು ಅಂತ ತಳ್ಳಿಹಾಕಲಾರೆ. ಶಾಲೆ ಬಿಟ್ಟುಹೋದ ಆ ಬಾಲವಿಧವೆಯರ ಓದು ಏನಾಯಿತು ಅನ್ನೋದೂ ಕಾಡುತ್ತದೆ.

1896–97ರ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿವು ಅವರಿಗೆ ಹೊಸದಲ್ಲವಲ್ಲ. ಮುಕ್ತಿ ಬೆಳೆದದ್ದು ಹಾಗೆ. 1905ರ ಜೂನ್ ಕೊನೆಯಲ್ಲಿ ಅಲ್ಲಿನ ಹುಡುಗಿಯರು ತಪ್ಪುಗಳನ್ನು ಗಟ್ಟಿಯಾಗಿ ಹೇಳಿಕೊಂಡು ಅತ್ತರು. ಪಶ್ಚಾತ್ತಾಪದ ಆ ಅಲೆಯ ಸುದ್ದಿ ಹೊರದೇಶಗಳವರೆಗೂ ಹೋಯಿತು.

1912ರಲ್ಲಿ ಅವರು ಕಲಬುರಗಿಯಲ್ಲೂ ಒಂದು ಶಾಲೆ ತೆರೆದರು, ಮನೋರಮಾ ಅದನ್ನು ನೋಡಿಕೊಂಡರು. ಮಗಳು 1921ರಲ್ಲಿ ತೀರಿಕೊಂಡಳು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುತ್ತಿದ್ದ ತಾಯಿ 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿ ಕಣ್ಣುಮುಚ್ಚಿದರು. ನಮ್ಮ ರೈಲು ಕೇಡಗಾಂವ್ ದಾಟಿದ ಮೇಲೆ ಸೊಲ್ಲಾಪುರ, ಆಮೇಲೆ ಕಲಬುರಗಿ.