ಇಲಿಗೆ ಆದದ್ದು ಗಂಡಸಿಗೂ ಆಗುತ್ತದೆಯೇ? ಕೀಟನಾಶಕ ಮತ್ತು ಪುರುಷ ಬಂಜೆತನದ ಫಾರ್ವರ್ಡ್‌ಗಳ ಹಿಂದಿನ ವಿಜ್ಞಾನ

“ಪ್ರಯೋಗದಲ್ಲಿ ಸಾಬೀತು! ಔಷಧಿ ಹೊಡೆದ ತರಕಾರಿ ತಿಂದರೆ ಗಂಡಸರಿಗೆ ಮಕ್ಕಳಾಗಲ್ಲ. ಎಲ್ಲರಿಗೂ ಕಳಿಸಿ.” ಇಂಥ ಸಂದೇಶ ನಿಮ್ಮ ಊರಿನ ಅಥವಾ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗೆ ಯಾರಾದರೂ ಹೀಗೆ ಉತ್ತರಿಸಿರುತ್ತಾರೆ: “ನಾವು ಮೂವತ್ತು ವರ್ಷದಿಂದ ಔಷಧಿ ಹೊಡೀತಿದ್ದೀವಿ, ನಮಗೇನಾಗಿದೆ?”

ಎರಡೂ ಮಾತು ಅರ್ಧ ಸತ್ಯ. ಕೊಳ್ಳೇಗಾಲದ ಹಿಪ್ಪುನೇರಳೆ ತೋಟ, ಹನೂರಿನ ಜೋಳದ ಹೊಲ, ಯಳಂದೂರಿನ ಭತ್ತದ ಗದ್ದೆಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವವರಿಗೆ ಪೂರ್ತಿ ಸತ್ಯ ಗೊತ್ತಿರಬೇಕು. ಏಕೆಂದರೆ ಅಪಾಯ ಹೆಚ್ಚಿರುವುದು ತರಕಾರಿ ತಿನ್ನುವವರಿಗಲ್ಲ, ಔಷಧಿ ಹೊಡೆಯುವವರಿಗೆ.

ಸಂಕ್ಷಿಪ್ತವಾಗಿ ಹೇಳುವುದಾದರೆ

- ಹಲವು ಕೀಟನಾಶಕಗಳು ಪ್ರಯೋಗಾಲಯದ ಗಂಡು ಇಲಿಗಳಲ್ಲಿ ವೀರ್ಯಾಣುಗಳನ್ನು ಕಡಿಮೆ ಮಾಡಿವೆ. ಇದು ನಿಜ.
- ಇಲಿಗೆ ಕೊಡುವ ಪ್ರಮಾಣ ನಮ್ಮ ಊಟದಲ್ಲಿ ಸೇರುವ ಪ್ರಮಾಣಕ್ಕಿಂತ ಬಹಳ ಹೆಚ್ಚು. ಹಾಗಾಗಿ “ತಿಂದರೆ ಬಂಜೆತನ” ಎಂಬ ತೀರ್ಮಾನ ಸರಿಯಲ್ಲ.
- “ಇಲಿಗೆ ಮರಿಯಾಯಿತು, ಆದ್ದರಿಂದ ಮನುಷ್ಯನಿಗೆ ಏನೂ ಆಗದು” ಎಂಬುದೂ ಸರಿಯಲ್ಲ.
- ಇಲಿಗಳು ಕೊಟ್ಟ ಎಚ್ಚರಿಕೆಯನ್ನು ಕಡೆಗಣಿಸಿದ್ದರಿಂದ ಸಾವಿರಾರು ಕಾರ್ಮಿಕರು ಮಕ್ಕಳಿಲ್ಲದಂತಾದ ಉದಾಹರಣೆ ಇದೆ.

ಇಲಿಗಳ ಮೇಲೆ ಪರೀಕ್ಷೆ ಮಾಡುವುದು ಏಕೆ?

ಮನುಷ್ಯನಿಗೆ ವಿಷ ಕೊಟ್ಟು ನೋಡಲಾಗದು. ಇಲಿಯ ವೃಷಣದ ರಚನೆ ಬಹುಮಟ್ಟಿಗೆ ನಮ್ಮದರಂತೆಯೇ ಇದೆ. ಅಲ್ಲೂ ಸಣ್ಣ ಕೊಳವೆಗಳಿವೆ, ಆ ಕೊಳವೆಗಳಲ್ಲಿ ವೀರ್ಯಾಣು ತಯಾರಾಗುತ್ತದೆ. ಅವುಗಳನ್ನು ಪೋಷಿಸುವ ಸರ್ಟೋಲಿ ಜೀವಕೋಶಗಳಿವೆ, ಪುರುಷ ಹಾರ್ಮೋನಾದ ಟೆಸ್ಟೊಸ್ಟೆರಾನ್ ತಯಾರಿಸುವ ಲೈಡಿಗ್ ಜೀವಕೋಶಗಳಿವೆ.

ವ್ಯತ್ಯಾಸ ಇರುವುದು ಸಮಯದಲ್ಲಿ. ಇಲಿಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 52 ದಿನ ಬೇಕು, ಮನುಷ್ಯನಲ್ಲಿ ಸುಮಾರು 74 ದಿನ. ಅದು ಪಕ್ವವಾಗಿ ಹೊರಬರಲು ಇನ್ನೂ ಒಂದೆರಡು ವಾರ ಹಿಡಿಯುತ್ತದೆ. ಇಂಥ ಪ್ರಯೋಗಗಳಲ್ಲಿ ಇಲಿಗಳಿಗೆ 60, 70, 90 ದಿನ ಮದ್ದು ಕೊಡುವುದು ಇದೇ ಕಾರಣಕ್ಕೆ. ಒಂದು ಪೂರ್ತಿ ಸುತ್ತು ಮುಗಿಯುವ ಮುನ್ನವೇ ನೋಡಿದರೆ ಹಾನಿ ಕಾಣದೇ ಹೋಗಬಹುದು.

ಪ್ರಯೋಗದ ಕೊನೆಗೆ ವಿಜ್ಞಾನಿಗಳು ವೃಷಣದ ತೂಕ, ವೀರ್ಯಾಣುಗಳ ಸಂಖ್ಯೆ, ಅವುಗಳ ಚಲನೆ ಮತ್ತು ಆಕಾರ, ರಕ್ತದ ಹಾರ್ಮೋನ್ ಮಟ್ಟ ಇವನ್ನೆಲ್ಲ ನೋಡುತ್ತಾರೆ. ಹೆಣ್ಣಿಲಿಯ ಜೊತೆ ಬಿಟ್ಟಾಗ ಎಷ್ಟು ಮರಿಗಳಾದವು ಎಂಬುದನ್ನೂ ಲೆಕ್ಕ ಹಾಕುತ್ತಾರೆ.

ವಿಷ ಒಳಗೆ ಏನು ಮಾಡುತ್ತದೆ?

ಮುಖ್ಯವಾಗಿ ನಾಲ್ಕು ದಾರಿಗಳಿವೆ.

1. ವೀರ್ಯಾಣುಗಳ ಮೂಲಕೋಶವನ್ನೇ ಕೊಲ್ಲುವುದು. ಬಿತ್ತನೆಯ ಬೀಜವೇ ಸುಟ್ಟುಹೋದ ಹಾಗೆ, ಇಲ್ಲಿ ಚೇತರಿಕೆ ಕಷ್ಟ.
2. ಬೆಳೆಯುತ್ತಿರುವ ವೀರ್ಯಾಣುಗಳನ್ನು ಮಾತ್ರ ಹಾಳು ಮಾಡುವುದು. ಮೂಲಕೋಶ ಉಳಿದಿದ್ದರೆ, ವಿಷದ ಸಂಪರ್ಕ ನಿಂತ ಕೆಲವು ತಿಂಗಳಲ್ಲಿ ಹೊಸ ವೀರ್ಯಾಣು ಬರಬಹುದು.
3. ಹಾರ್ಮೋನುಗಳ ಲೆಕ್ಕ ತಪ್ಪಿಸುವುದು. ಟೆಸ್ಟೊಸ್ಟೆರಾನ್ ಕಡಿಮೆಯಾದರೆ ವೀರ್ಯಾಣು ಉತ್ಪಾದನೆಯೂ ಕುಗ್ಗುತ್ತದೆ.
4. ವೀರ್ಯಾಣುವಿನ ಹೊರಪೊರೆ ಮತ್ತು ಡಿಎನ್‌ಎಗೆ ಹಾನಿ ಮಾಡುವುದು. ಇಲ್ಲಿ ಸಂಖ್ಯೆ ಸರಿಯಾಗಿದ್ದರೂ ಗುಣಮಟ್ಟ ಕೆಡುತ್ತದೆ.

ಆದ್ದರಿಂದ “ಇಲಿಯ ವೀರ್ಯಾಣು ಕಡಿಮೆಯಾಯಿತು” ಎಂದು ಓದಿದಾಗ ಮುಂದಿನ ಪ್ರಶ್ನೆ ಕೇಳಬೇಕು: ಮದ್ದು ನಿಲ್ಲಿಸಿದ ಮೇಲೆ ಅದು ಮರಳಿ ಬಂತೇ?

ಎಂಡೋಸಲ್ಫಾನ್: ಇಲಿಯಿಂದ ಪಡ್ರೆಯವರೆಗೆ

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಎಂಡೋಸಲ್ಫಾನ್. ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು 20 ವರ್ಷ ಹೆಲಿಕಾಪ್ಟರ್‌ನಿಂದ ಇದನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತಲೂ ಸಿಂಪಡಣೆ ನಡೆದಿತ್ತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಜನರ ಕಾಯಿಲೆಗಳ ಬಗ್ಗೆ ಮೊದಲು ದನಿ ಎತ್ತಿದವರಲ್ಲಿ ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಪ್ರಮುಖರು.

1995ರಲ್ಲಿ ಲಕ್ನೋದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬೆಳೆದ ಗಂಡು ಇಲಿಗಳಿಗೆ ಪ್ರತಿ ಕಿಲೋ ತೂಕಕ್ಕೆ 2.5, 5 ಮತ್ತು 10 ಮಿಲಿಗ್ರಾಂ ಎಂಡೋಸಲ್ಫಾನನ್ನು ವಾರಕ್ಕೆ 5 ದಿನದಂತೆ 70 ದಿನ ಕೊಟ್ಟಾಗ ವೀರ್ಯಾಣುಗಳು ಕಡಿಮೆಯಾದವು. 1997ರಲ್ಲಿ ಅದೇ ತಂಡ 3 ವಾರದ ಮರಿಗಳಿಗೆ 90 ದಿನ ಕೊಟ್ಟು ನೋಡಿದಾಗಲೂ ವೀರ್ಯಾಣು ಉತ್ಪಾದನೆಗೆ ಪೆಟ್ಟು ಬಿದ್ದಿತ್ತು. ಬೆಳೆಯುವ ವಯಸ್ಸಿನಲ್ಲಿ ವಿಷ ತಗುಲುವುದರ ಬಗ್ಗೆ ವಿಶೇಷ ಎಚ್ಚರ ಬೇಕು ಎನ್ನುವುದು ಇದಕ್ಕೇ.

ಮುಂದಿನ ಪ್ರಶ್ನೆ ಸಹಜ: ಮನುಷ್ಯರ ಮಕ್ಕಳಲ್ಲಿ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 10ರಿಂದ 19 ವರ್ಷದ 117 ಹುಡುಗರನ್ನು, ಸಿಂಪಡಣೆ ಇಲ್ಲದ ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿತು. 2003ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ, ಪಡ್ರೆಯ ಹುಡುಗರಲ್ಲಿ ಪ್ರೌಢಾವಸ್ಥೆಯ ಲಕ್ಷಣಗಳು ತಡವಾಗಿದ್ದವು, ಹಾರ್ಮೋನ್ ಮಟ್ಟದಲ್ಲೂ ವ್ಯತ್ಯಾಸವಿತ್ತು. ಪರೀಕ್ಷಿಸಿದ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಪತ್ತೆಯಾದದ್ದು ಪಡ್ರೆಯವರಲ್ಲಿ 78%, ಇನ್ನೊಂದು ಗುಂಪಿನಲ್ಲಿ 29%.

ಇಲ್ಲಿ ಎರಡು ವಿಷಯ ಗಮನಿಸಿ. ಈ ಅಧ್ಯಯನ ಆ ಹುಡುಗರ ವೀರ್ಯವನ್ನು ಪರೀಕ್ಷಿಸಿರಲಿಲ್ಲ, ಬೆಳವಣಿಗೆಯನ್ನು ನೋಡಿತ್ತು. ಹಾಗಾಗಿ “ಪಡ್ರೆಯ ಹುಡುಗರು ಬಂಜೆಯಾದರು” ಎಂದು ಬರೆದರೆ ತಪ್ಪು. ಅಧ್ಯಯನದ ವಿಧಾನದ ಬಗ್ಗೆ ಟೀಕೆಗಳೂ ಬಂದವು. ಆದರೂ ಇಲಿಯಲ್ಲಿ ಕಂಡ ಹಾನಿಯ ದಿಕ್ಕು ಮತ್ತು ಮಕ್ಕಳಲ್ಲಿ ಕಂಡ ಬದಲಾವಣೆಯ ದಿಕ್ಕು ಒಂದೇ ಆಗಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿತು.

ಇಲಿಗಳ ಎಚ್ಚರಿಕೆ ಕೇಳದಿದ್ದಾಗ ಆದದ್ದು

ಬಾಳೆ ಬೆಳೆಯುವವರು ಈ ಕಥೆಯನ್ನು ಓದಲೇಬೇಕು. ಡಿಬಿಸಿಪಿ ಎಂಬುದು ಮಣ್ಣಿನಲ್ಲಿ ಬೇರಿಗೆ ಹತ್ತುವ ಜಂತುಹುಳುಗಳನ್ನು ಕೊಲ್ಲುವ ಔಷಧಿ. 1961ರಲ್ಲೇ ಪ್ರಕಟವಾದ ಪ್ರಾಣಿ ಪ್ರಯೋಗದಲ್ಲಿ ಇದರಿಂದ ಇಲಿಗಳ ವೃಷಣ ಕುಗ್ಗಿದ್ದು ಕಂಡಿತ್ತು. ಆದರೂ ಬಳಕೆ ಮುಂದುವರಿಯಿತು.

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾತ್ರೋಪ್ ಎಂಬಲ್ಲಿ ಈ ಔಷಧಿ ತಯಾರಿಸುವ ಕಾರ್ಖಾನೆಯ ಕಾರ್ಮಿಕರು ತಮ್ಮ ತಮ್ಮಲ್ಲೇ ಮಾತಾಡಿಕೊಂಡಾಗ ಒಂದು ಸಂಗತಿ ಹೊರಬಂತು: ಅವರಲ್ಲಿ ಹಲವರಿಗೆ ಮಕ್ಕಳಾಗುತ್ತಿರಲಿಲ್ಲ. ವೀರ್ಯ ಪರೀಕ್ಷೆ ಮಾಡಿಸಿದಾಗ ಕೆಲವರಲ್ಲಿ ಒಂದೂ ವೀರ್ಯಾಣು ಇರಲಿಲ್ಲ. 1979ರಲ್ಲಿ ಅಮೆರಿಕ ಇದರ ಬಹುತೇಕ ಬಳಕೆಯನ್ನು ನಿಲ್ಲಿಸಿತು. ಅಷ್ಟರಲ್ಲಿ ಕೋಸ್ಟರಿಕಾ ಮೊದಲಾದ ದೇಶಗಳ ಬಾಳೆ ತೋಟಗಳಲ್ಲಿ ದುಡಿದ ಸಾವಿರಾರು ಜನರಿಗೂ ಹಾನಿಯಾಗಿತ್ತು. ಕಡಿಮೆ ಕಾಲ ಕೆಲಸ ಮಾಡಿದವರಲ್ಲಿ ಹಲವರು ಚೇತರಿಸಿಕೊಂಡರು, ದೀರ್ಘಕಾಲ ದುಡಿದ ಅನೇಕರಲ್ಲಿ ವೀರ್ಯಾಣು ಮರಳಲೇ ಇಲ್ಲ.

“ಇಲಿ ಪ್ರಯೋಗ ತಾನೇ, ಬಿಡಿ” ಎನ್ನುವವರಿಗೆ ಇದೇ ಉತ್ತರ.

ಹಾಗಾದರೆ ಫಾರ್ವರ್ಡ್‌ನಲ್ಲಿ ತಪ್ಪೇನು? ಪ್ರಮಾಣದ ಲೆಕ್ಕ

ಮೇಲಿನ ಎಂಡೋಸಲ್ಫಾನ್ ಪ್ರಯೋಗದಲ್ಲಿ ಕೊಟ್ಟ ಅತಿ ಕಡಿಮೆ ಪ್ರಮಾಣ ಕಿಲೋಗೆ 2.5 ಮಿಲಿಗ್ರಾಂ. 60 ಕಿಲೋ ತೂಕದ ಮನುಷ್ಯನಿಗೆ ನೇರವಾಗಿ ಗುಣಿಸಿದರೆ 150 ಮಿಲಿಗ್ರಾಂ. ಆದರೆ ಇಲಿಯ ದೇಹ ನಮ್ಮದಕ್ಕಿಂತ ವೇಗವಾಗಿ ಮದ್ದನ್ನು ಅರಗಿಸುತ್ತದೆ. ಆದ್ದರಿಂದ ಸಾಮಾನ್ಯ ಅಂದಾಜಿಗೆ ಇಲಿಯ ಪ್ರಮಾಣವನ್ನು 6.2ರಿಂದ ಭಾಗಿಸುತ್ತಾರೆ. ಆಗ ಬರುವುದು ದಿನಕ್ಕೆ ಸುಮಾರು 24 ಮಿಲಿಗ್ರಾಂ.

ಅಂತರರಾಷ್ಟ್ರೀಯ ತಜ್ಞರ ಸಮಿತಿ ಎಂಡೋಸಲ್ಫಾನ್‌ಗೆ ನಿಗದಿ ಮಾಡಿದ್ದ ದಿನದ ಮಿತಿ ಕಿಲೋಗೆ 0.006 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 0.36 ಮಿಲಿಗ್ರಾಂ. ಪ್ರಯೋಗದ ಪ್ರಮಾಣ ಇದರ 60 ಪಟ್ಟಿಗೂ ಹೆಚ್ಚು. ಇಂಥ ಮಿತಿ ಹಾಕುವಾಗ, ಪ್ರಾಣಿಯಲ್ಲಿ ಯಾವ ಹಾನಿಯೂ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10 ಪಟ್ಟು, ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು 10 ಪಟ್ಟು.

ತರಕಾರಿಯಲ್ಲಿ ಉಳಿಯುವ ಅಂಶ ಮಿತಿಯೊಳಗಿದ್ದರೆ ಅದನ್ನು ತಿಂದ ಮಾತ್ರಕ್ಕೆ ಮಕ್ಕಳಾಗದು ಎನ್ನಲು ಬರುವುದಿಲ್ಲ. ಹಾಗೆಂದು ಮಿತಿ ಮೀರಿ ಹೊಡೆಯಬಹುದೆಂದಲ್ಲ. ಹೊಡೆದ ಮೇಲೆ ಕಟಾವಿಗೆ ಕಾಯಬೇಕಾದ ದಿನಗಳು ಲೇಬಲ್‌ನಲ್ಲಿ ಇರುತ್ತವೆ, ಅಷ್ಟು ದಿನ ಕಾಯಲೇಬೇಕು. ಕೊಳ್ಳೇಗಾಲದ ರೇಷ್ಮೆ ಬೆಳೆಗಾರರಿಗೆ ಇದು ಹೊಸದಲ್ಲ. ಹಿಪ್ಪುನೇರಳೆಗೆ ಔಷಧಿ ಹೊಡೆದು ಬೇಗ ಸೊಪ್ಪು ಕೊಯ್ದರೆ ಹುಳು ಸಾಯುತ್ತದೆ, ಆದ್ದರಿಂದ ಅಲ್ಲಿ ದಿನ ಎಣಿಸುತ್ತಾರೆ. ಟೊಮೆಟೊ ತಿನ್ನುವ ಮನುಷ್ಯ ಹುಳುವಿನ ಹಾಗೆ ತಕ್ಷಣ ಸಾಯುವುದಿಲ್ಲ, ಅದಕ್ಕೇ ಅಲ್ಲಿ ಎಣಿಕೆ ತಪ್ಪುತ್ತದೆ.

ಇಲಿಗೆ ಮರಿಯಾದರೆ ಸುರಕ್ಷಿತವೇ?

ಇಲ್ಲ. ಗಂಡು ಇಲಿಯಲ್ಲಿ ವೀರ್ಯಾಣುಗಳು ಅಗತ್ಯಕ್ಕಿಂತ ಬಹಳ ಹೆಚ್ಚು ಇರುತ್ತವೆ. ಶೇ 90ರಷ್ಟು ಕಡಿಮೆಯಾದರೂ ಅದು ಮರಿ ಹುಟ್ಟಿಸಬಲ್ಲದು. ಮನುಷ್ಯನಲ್ಲಿ ಅಷ್ಟು ಉಳಿತಾಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರತಿ ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಗಿನ ಗೆರೆಯಾಗಿ ಇಟ್ಟಿದೆ. ಅನೇಕ ಗಂಡಸರು ಆ ಗೆರೆಯ ಹತ್ತಿರವೇ ಇರುತ್ತಾರೆ, ಸ್ವಲ್ಪ ಕುಸಿದರೂ ಅವರಿಗೆ ತೊಂದರೆ.

ಬಾಟಲಿಯ ಮೇಲಿನ ಬಣ್ಣ ಏನು ಹೇಳುತ್ತದೆ?

ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಹೇಳುವುದು ತಕ್ಷಣದ ವಿಷತ್ವವನ್ನು, ಅಂದರೆ ಎಷ್ಟು ಪ್ರಮಾಣಕ್ಕೆ ಪ್ರಯೋಗದ ಪ್ರಾಣಿಗಳು ಸತ್ತವು ಎಂಬುದನ್ನು. ಕೆಂಪಿನ ಭೀಕರತೆ ಈ ಭಾಗದವರಿಗೆ ಗೊತ್ತು. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳವಾಡಿಯ ಕಿಚ್‌ಗುತ್ ಮಾರಮ್ಮನ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅದರಲ್ಲಿದ್ದದ್ದು ಮಾನೋಕ್ರೊಟೊಫಾಸ್. ಈ ಜಾತಿಯ ಔಷಧಿಗಳು ಮೊದಲು ಹೊಡೆಯುವುದು ನರಗಳಿಗೆ ಮತ್ತು ಉಸಿರಾಟಕ್ಕೆ.

ಸಂತಾನಶಕ್ತಿಯ ಪ್ರಶ್ನೆ ಬೇರೆ. ಅದು ಸ್ವಲ್ಪ ಸ್ವಲ್ಪವಾಗಿ, ಹಲವು ತಿಂಗಳು ಮೈಗೆ ಸೇರುವ ವಿಷದ್ದು. ಅದನ್ನು ತ್ರಿಕೋನದ ಬಣ್ಣ ಹೇಳುವುದಿಲ್ಲ. ಹಸಿರು ಗುರುತಿದೆ ಎಂದು ಬರಿಗೈಯಲ್ಲಿ ಕಲಸಬೇಡಿ.

ಔಷಧಿ ಹೊಡೆಯುವವರು ಮಾಡಬೇಕಾದದ್ದು

ವಿಷ ಒಳಹೋಗುವ ದೊಡ್ಡ ದಾರಿ ಚರ್ಮ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಬಗ್ಗೆ ಸ್ವಯಂಸೇವಕರ ಮೇಲೆ ನಡೆದ ಹಳೆಯ ಅಧ್ಯಯನವೊಂದರಲ್ಲಿ, ವೃಷಣದ ಚೀಲದ ಚರ್ಮ ಮುಂಗೈ ಚರ್ಮಕ್ಕಿಂತ ಸುಮಾರು 12 ಪಟ್ಟು ಹೆಚ್ಚು ಹೀರಿಕೊಂಡಿತ್ತು. ಪಂಪು ಸೋರಿ, ಬೆನ್ನಿನಿಂದ ಇಳಿದು, ಸೊಂಟದ ಬಟ್ಟೆ ನೆನೆಯುವುದು ಎಷ್ಟು ಅಪಾಯ ಎಂದು ಯೋಚಿಸಿ.

- ಸೋರುವ ಪಂಪನ್ನು ರಿಪೇರಿ ಮಾಡಿಸದೆ ಬೆನ್ನಿಗೆ ಹಾಕಬೇಡಿ. ಬೆನ್ನಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ.
- ಲುಂಗಿ, ಚಡ್ಡಿ ಬೇಡ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಕೈಗವಸು, ಬೂಟು ಹಾಕಿ.
- ಗಾಳಿಗೆ ಎದುರಾಗಿ ಹೊಡೆಯಬೇಡಿ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬೇಡಿ.
- ನಡುವೆ ಬೀಡಿ, ಎಲೆಅಡಿಕೆ ಬೇಡ.
- ಬಟ್ಟೆ ನೆನೆದರೆ ಆಗಲೇ ಬದಲಿಸಿ, ಸೋಪು ಹಚ್ಚಿ ಸ್ನಾನ ಮಾಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ.
- ಹುಡುಗರಿಂದ ಔಷಧಿ ಹೊಡೆಸಬೇಡಿ.
- ಹೊಡೆಯುವಾಗ ತಲೆಸುತ್ತು, ವಾಂತಿ, ಬಾಯಲ್ಲಿ ನೊರೆ, ಉಸಿರುಕಟ್ಟುವಿಕೆ ಕಂಡರೆ 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ತನ್ನಿ.

ಮಕ್ಕಳಾಗದಿದ್ದರೆ

ನಮ್ಮಲ್ಲಿ ಮಕ್ಕಳಾಗದಿದ್ದರೆ ಮೊದಲು ಹೆಂಡತಿಯನ್ನೇ ದೂರುತ್ತಾರೆ, ಅವಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುತ್ತಾರೆ. ಆದರೆ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಸರಳ, ನೋವಿಲ್ಲ. 2ರಿಂದ 7 ದಿನ ಸಂಯಮದಲ್ಲಿದ್ದು ಮಾದರಿ ಕೊಟ್ಟರೆ ಸಾಕು. ಒಮ್ಮೆ ಕಡಿಮೆ ಬಂದರೆ ಎದೆಗುಂದಬೇಡಿ, ಜ್ವರ ಬಂದು ಹೋದರೂ ಹಾಗಾಗುತ್ತದೆ. ಹೊಸ ವೀರ್ಯಾಣು ಬರಲು ಸುಮಾರು 3 ತಿಂಗಳು ಬೇಕು, ಆಮೇಲೆ ಮತ್ತೆ ಪರೀಕ್ಷಿಸಬಹುದು. ಔಷಧಿ ಹೊಡೆಯುವ ಕೆಲಸ ಮಾಡುತ್ತಿದ್ದರೆ, ಯಾವ ಔಷಧಿ, ಎಷ್ಟು ವರ್ಷದಿಂದ ಎಂಬುದನ್ನು ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ. ತಂಬಾಕು, ಕುಡಿತ, ವೃಷಣದ ರಕ್ತನಾಳಗಳು ಉಬ್ಬುವುದು ಇವೂ ಕಾರಣವಾಗಬಹುದು. ಎಲ್ಲವನ್ನೂ ಕೀಟನಾಶಕದ ತಲೆಗೆ ಕಟ್ಟುವುದೂ ಸರಿಯಲ್ಲ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

ಯಾವ ಔಷಧಿ? ಯಾವ ಪ್ರಾಣಿ? ಎಷ್ಟು ಪ್ರಮಾಣ? ಎಷ್ಟು ದಿನ? ನಿಲ್ಲಿಸಿದ ಮೇಲೆ ಏನಾಯಿತು? ಈ ಐದಕ್ಕೂ ಉತ್ತರ ಇಲ್ಲದ ಸಂದೇಶವನ್ನು ಅಲ್ಲೇ ಬಿಡಿ. ನಿಮ್ಮ ಗುಂಪಿನಲ್ಲಿ ಔಷಧಿ ಹೊಡೆಯುವವರಿದ್ದರೆ, ಸೋರುವ ಪಂಪಿನ ಬಗ್ಗೆ ಇರುವ ಮಾತನ್ನು ಅವರಿಗೆ ಕಳಿಸಿ.