'ಓಂ ಶಾಂತಿ ಓಂ': ರೂಪದರ್ಶಿ ನಾಯಕಿಯಾದ ಬಗೆ

ಫರಾ ಖಾನ್ ನಿರ್ದೇಶನದ ಹಿಂದಿ ಚಿತ್ರ 'ಓಂ ಶಾಂತಿ ಓಂ' 2007ರ ನವೆಂಬರ್ 9ರಂದು ತೆರೆಕಂಡಿತು. ಎಪ್ಪತ್ತರ ದಶಕದ ಮುಂಬಯಿ ಚಿತ್ರರಂಗವನ್ನು ಅಕ್ಕರೆಯಿಂದಲೂ ತುಸು ಕೀಟಲೆಯಿಂದಲೂ ನೆನೆಯುವ ಈ ಸಂಗೀತಮಯ ಚಿತ್ರದಲ್ಲಿ ಶಾರುಖ್ ಖಾನರಿಗೆ ಜೋಡಿಯಾದವರು ಬೆಂಗಳೂರಿನ ರೂಪದರ್ಶಿ ದೀಪಿಕಾ ಪಡುಕೋಣೆ. ಅವರ ಮನೆತನದ ಹೆಸರಿನಲ್ಲಿರುವುದು ಉಡುಪಿ ಜಿಲ್ಲೆಯ ಒಂದು ಹಳ್ಳಿ. ಹೊರನಾಡಿನ ಕನ್ನಡಿಗರಾದ ನಾವು ಆ ಪಾತ್ರವನ್ನು 'ನಮ್ಮ ಹುಡುಗಿ' ಎಂಬ ಅಭಿಮಾನದಿಂದಲೇ ನೋಡಿದೆವು. ಆದರೆ ಚೆಲುವಿಗಾಗಿ ಹೆಸರಾದ ಮುಖವೊಂದು ನಟಿಯಾಗುವುದು ಯಾವಾಗ ಎಂಬ ಪ್ರಶ್ನೆಯೂ ಅದರೊಳಗಿದೆ.

ಹಿನ್ನೆಲೆ

ದೀಪಿಕಾ ಜನಿಸಿದ್ದು 1986ರ ಜನವರಿ 5ರಂದು, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ತಂದೆ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಚಾಂಪಿಯನ್. ತಾವೂ ರಾಷ್ಟ್ರಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದ ದೀಪಿಕಾ, ಆಟವನ್ನು ಬಿಟ್ಟು ರೂಪದರ್ಶಿಯ ವೃತ್ತಿಗೆ ಬಂದರು. ಅವರ ಮೊದಲ ಚಲನಚಿತ್ರ ಕನ್ನಡದ್ದೇ: ಇಂದ್ರಜಿತ್ ಲಂಕೇಶ್ ನಿರ್ದೇಶಿಸಿ ಉಪೇಂದ್ರ ನಾಯಕರಾಗಿದ್ದ 'ಐಶ್ವರ್ಯ' (2006). ಹಿಂದಿ ಚಿತ್ರರಂಗದ ಬಾಗಿಲು ತೆರೆದದ್ದು ಮರುವರ್ಷ.

ಪಾತ್ರದ ಸ್ವರೂಪ

ಚಿತ್ರದಲ್ಲಿ ಅವರದು ದ್ವಿಪಾತ್ರ. ಮೊದಲಾರ್ಧದ ಶಾಂತಿಪ್ರಿಯಾ ಎಪ್ಪತ್ತರ ದಶಕದ ಜನಪ್ರಿಯ ತಾರೆ. ಸಣ್ಣಪುಟ್ಟ ಪಾತ್ರಗಳ ಕಲಾವಿದ ಓಂಪ್ರಕಾಶ್, ಬೀದಿಯ ಭಿತ್ತಿಚಿತ್ರದಲ್ಲಿನ ಅವಳ ಮುಖದೊಡನೆ ಮಾತನಾಡುತ್ತಾನೆ. ನಿರ್ಮಾಪಕನೊಬ್ಬನ ವಂಚನೆಗೆ ಅವಳು ಬಲಿಯಾಗುತ್ತಾಳೆ; ಅವಳನ್ನು ಉಳಿಸಲೆತ್ನಿಸಿದ ಓಂಪ್ರಕಾಶನೂ ಸಾಯುತ್ತಾನೆ. ಮರುಹುಟ್ಟು ಪಡೆದ ಅವನು ಮೂವತ್ತು ವರ್ಷಗಳ ತರುವಾಯ ಅವಳನ್ನೇ ಹೋಲುವ ಸಂಧ್ಯಾಳಿಗೆ ಶಾಂತಿಪ್ರಿಯಾಳ ನಡೆ, ನೋಟ, ಮಾತುಗಳನ್ನು ಕಲಿಸುತ್ತಾನೆ.

ಶಾಂತಿಪ್ರಿಯಾಳ ಪಾತ್ರಕ್ಕೆ ರೂಪದರ್ಶಿಯ ಅನುಭವ ಒದಗಿಬಂದಿತೆಂದೇ ನಮ್ಮ ಎಣಿಕೆ. ಭಿತ್ತಿಚಿತ್ರದ ತಾರೆ ಮಾತಿಗಿಂತ ಹೆಚ್ಚಾಗಿ ನಿಲುವಿನಿಂದ, ಕತ್ತಿನ ಕೊಂಕಿನಿಂದ, ಸೆರಗಿನ ಬೀಸಿನಿಂದ ಮನಸ್ಸಿನಲ್ಲಿ ಉಳಿಯುವವಳು. 'ಧೂಮ್ ತಾನಾ' ಹಾಡಿನಲ್ಲಿ ಸುನಿಲ್ ದತ್, ರಾಜೇಶ್ ಖನ್ನಾ, ಜಿತೇಂದ್ರ ಅವರ ಹಳೆಯ ಚಿತ್ರಗಳ ದೃಶ್ಯಗಳೊಳಗೆ ದೀಪಿಕಾರನ್ನು ತಾಂತ್ರಿಕವಾಗಿ ಸೇರಿಸಲಾಗಿದೆ. ಎದುರಿಗಿಲ್ಲದ ನಾಯಕನತ್ತ ನೋಟ ಹಾಯಿಸಿ ನಗುವುದು, ಬರಿಯ ಕ್ಯಾಮೆರಾವನ್ನೇ ಸಂಗಾತಿಯೆಂದು ಬಗೆಯುವವರಿಗೆ ಪರಿಚಿತವಾದ ಕೆಲಸ.

ಎರವಲು ಧ್ವನಿ

ಆದರೆ ತೆರೆಯ ಮೇಲೆ ನಾವು ಕೇಳಿದ ಮಾತು ದೀಪಿಕಾರದಲ್ಲ. ಅದು ಕಂಠದಾನ ಕಲಾವಿದೆ ಮೋನಾ ಘೋಷ್ ಶೆಟ್ಟಿ ಅವರದು. ಹಾಡಿಗೆ ಹಿನ್ನೆಲೆ ಗಾಯಕಿಯ ದನಿ ನಮ್ಮ ಚಿತ್ರಗಳಲ್ಲಿ ಹಳೆಯ ರೂಢಿ. ಅದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. ಮಾತಿನ ವಿಷಯ ಹಾಗಲ್ಲ. ದಕ್ಷಿಣದಿಂದ ಹೋದ ನಟಿಯರು ಈ ದಾರಿಯನ್ನು ಹಿಂದೆಯೂ ತುಳಿದಿದ್ದಾರೆ. ಎಂಬತ್ತರ ದಶಕದಲ್ಲಿ ಹಿಂದಿಯಲ್ಲಿ ಹೆಸರಾದ ಶ್ರೀದೇವಿಯವರ ಆರಂಭದ ಚಿತ್ರಗಳಲ್ಲಿಯೂ ಬೇರೆಯವರ ಕಂಠವಿತ್ತು.

ಇಲ್ಲಿ ಕಥೆಗೂ ವಾಸ್ತವಕ್ಕೂ ಒಂದು ಸೋಜಿಗದ ಹೊಂದಿಕೆಯಿದೆ. ಸಂಧ್ಯಾ ಇನ್ನೊಬ್ಬಳ ಮಾತನ್ನು ಗಿಳಿಪಾಠದಂತೆ ಕಲಿಯುತ್ತಾಳೆ. ಅವಳ ಪಾತ್ರ ವಹಿಸಿದವರ ಮಾತನ್ನು ಇನ್ನೊಬ್ಬರು ಆಡಿದರು. ಸಂಧ್ಯಾಳ ತಡವರಿಕೆಯಲ್ಲಿ ನಗೆ ಉಕ್ಕಿಸುವ ಕಡೆ ದೀಪಿಕಾ ಬಳಸಿದ್ದು ಮುಖಭಾವವನ್ನು, ಮೈಯ ಚಲನೆಯನ್ನು. ಭಿತ್ತಿಚಿತ್ರದಿಂದ ಕೆಳಗಿಳಿದು ಹೊಸಬಳೊಬ್ಬಳ ಅಳುಕನ್ನು ತೋರಿದ ಆ ದೃಶ್ಯಗಳಲ್ಲಿಯೇ ಮುಂದಿನ ನಟಿಯ ಸುಳಿವಿತ್ತೆಂದು ನಮಗೆ ಅನಿಸುತ್ತದೆ.

ತರುವಾಯ

ಈ ಪಾತ್ರಕ್ಕಾಗಿ ಅವರಿಗೆ ಫಿಲ್ಮ್‌ಫೇರ್‌ನ ಶ್ರೇಷ್ಠ ಹೊಸ ನಟಿ ಪ್ರಶಸ್ತಿ ಸಂದಿತು. ಹಳೆಯ ಕಾಲವನ್ನು ಮರಳಿ ಕಟ್ಟಿದ ಕಲಾ ನಿರ್ದೇಶಕ ಸಾಬು ಸಿರಿಲ್ ರಾಷ್ಟ್ರಪ್ರಶಸ್ತಿ ಪಡೆದರು. ಎಂಟು ವರ್ಷಗಳ ಅನಂತರ, 2015ರ 'ಪೀಕು' ಚಿತ್ರದಲ್ಲಿ ವೃದ್ಧ ತಂದೆಯೊಡನೆ ದಿನವೂ ವಾದಕ್ಕಿಳಿಯುವ ಮಗಳಾಗಿ ದೀಪಿಕಾ ಕಾಣಿಸಿಕೊಂಡರು. ಅಲ್ಲಿ ಪಾತ್ರವನ್ನು ಹೊತ್ತು ನಿಂತದ್ದು ಅವರ ಮಾತೇ, ಅವರದೇ ಧ್ವನಿ. ಆ ಅಭಿನಯಕ್ಕೆ ಶ್ರೇಷ್ಠ ನಟಿ ಪ್ರಶಸ್ತಿ ಬಂದಿತು. 'ಓಂ ಶಾಂತಿ ಓಂ' ಅವರ ಮುಖವನ್ನು ನಾಡಿಗೆ ಪರಿಚಯಿಸಿತು. ದನಿಯನ್ನು ಅವರು ದುಡಿದು ಗಳಿಸಿಕೊಂಡರು.