ಗಾಯವೋ ಸೋಂಕೋ: ರಕ್ತಕಣಗಳ ಸಾಕ್ಷ್ಯ

ದೊಡ್ಡ ಶಸ್ತ್ರಚಿಕಿತ್ಸೆ ನಡೆದ ಮೂರನೆಯ ದಿನ ರೋಗಿಯ ಮೈ ಬಿಸಿಯೇರಿ, ನಾಡಿ ತೀವ್ರಗೊಂಡು, ರಕ್ತದಲ್ಲಿ ಬಿಳಿಯ ಕಣಗಳ ಸಂಖ್ಯೆ ಹೆಚ್ಚಿದಾಗ, ಅದು ಶಸ್ತ್ರಾಘಾತಕ್ಕೆ ದೇಹವು ಸಹಜವಾಗಿ ತೋರುವ ಪ್ರತಿಕ್ರಿಯೆಯೋ, ಅಥವಾ ಹೊಲಿಗೆ ಬಿಟ್ಟ ಕರುಳಿನಿಂದಲೋ ಕಫಗಟ್ಟಿದ ಶ್ವಾಸಕೋಶದಿಂದಲೋ ಹೊರಟ ರೋಗಾಣುಗಳ ಆಕ್ರಮಣವೋ ಎಂಬುದನ್ನು ನಿರ್ಣಯಿಸುವುದು ಅನುಭವಿಯಾದ ವೈದ್ಯನಿಗೂ ಕಠಿನವಾದ ಕಾರ್ಯ. ನಿರ್ಣಯ ತಡವಾದರೆ ಸೋಂಕು ಸೆಪ್ಸಿಸ್ಸಾಗಿ ಅಂಗಾಂಗಗಳನ್ನು ಕೆಡಿಸುತ್ತದೆ. ಸಂಶಯಮಾತ್ರದಿಂದ ಎಲ್ಲರಿಗೂ ಆಂಟಿಬಯೋಟಿಕ್ ಕೊಟ್ಟರೆ ಔಷಧಿಗೆ ಮಣಿಯದ ರೋಗಾಣುಗಳು ಬೆಳೆಯುತ್ತವೆ. 2017ರ ಒಂದು ವರ್ಷದಲ್ಲಿಯೇ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನ ಸೆಪ್ಸಿಸ್ಸಿಗೆ ತುತ್ತಾದರೆಂದೂ, ಅದಕ್ಕೆ ಸಂಬಂಧಿಸಿದ ಮರಣಗಳು 1.1 ಕೋಟಿಯಷ್ಟಿದ್ದುವೆಂದೂ ಮಾಡಿರುವ ಅಂದಾಜು ಈ ಪ್ರಶ್ನೆಯ ಗುರುತ್ವವನ್ನು ತಿಳಿಸುತ್ತದೆ.

ಹಿಂದಿನವರು ಇದಕ್ಕೆ ಉಪಾಯಗಳನ್ನು ಅರಸದೆ ಇರಲಿಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ, ಮುಂದೆ ಸಿ-ರಿಯಾಕ್ಟಿವ್ ಪ್ರೋಟೀನ್ ಎಂದು ಹೆಸರಾದ ದ್ರವ್ಯವನ್ನು ಗುರುತಿಸಿದರು. 1992ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಜ್ವರ, ನಾಡಿ, ಉಸಿರು, ಬಿಳಿಯ ಕಣ ಎಂಬ ನಾಲ್ಕು ಲಕ್ಷಣಗಳಿಂದ ಉರಿಯೂತವನ್ನು ನಿರೂಪಿಸಿತು. ಮರುವರ್ಷ ಫ್ರಾನ್ಸಿನ ವೈದ್ಯರು ಪ್ರೋಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಸೂಚಕವನ್ನು ಸೋಂಕಿನ ಪತ್ತೆಗೆ ತಂದರು. ಇವೆಲ್ಲವೂ ಉಪಯುಕ್ತವಾದುವುಗಳೇ, ಆದರೆ ರೋಗಾಣುವಿನ ಸಂಪರ್ಕವೇ ಇಲ್ಲದೆ ಕೇವಲ ಶಸ್ತ್ರದ ಗಾಯದಿಂದಲೂ ಇವು ಏರತಕ್ಕವು. ರೋಗಾಣುಗಳನ್ನು ಬೆಳೆಸಿ ಗುರುತಿಸಲು ರಕ್ತವನ್ನು ಕಲ್ಚರಿಗೆ ಹಾಕಿದರೆ ಉತ್ತರಕ್ಕೆ ಒಂದೆರಡು ದಿನ ಕಾಯಬೇಕು. ನಿಜವಾದ ಸೋಂಕಿದ್ದಾಗಲೂ ಅದು ಅನೇಕ ವೇಳೆ ಏನನ್ನೂ ತೋರಿಸುವುದಿಲ್ಲ.

ಹೀಗಿರಲಾಗಿ ವಿಜ್ಞಾನಿಗಳ ದೃಷ್ಟಿ ರೋಗಾಣುವಿನಿಂದ ರೋಗಿಯ ಕಡೆಗೆ ತಿರುಗಿತು. ಬಿಳಿಯ ರಕ್ತಕಣವು ವೈರಿಯನ್ನು ಕಂಡೊಡನೆ ತನ್ನ ಜೀನುಗಳಲ್ಲಿ ಕೆಲವನ್ನು ಚುರುಕುಗೊಳಿಸಿ ಕೆಲವನ್ನು ತಗ್ಗಿಸುತ್ತದೆ. ಚುರುಕುಗೊಂಡ ಜೀನಿನಿಂದ ಆರ್‌ಎನ್‌ಎ ಪ್ರತಿಗಳು ಹೆಚ್ಚಾಗಿ ಹೊರಡುತ್ತವೆ. ಅವುಗಳನ್ನು ಎಣಿಸಿದರೆ ಕಣವು ಯಾವ ಕಾರ್ಯದಲ್ಲಿ ತೊಡಗಿದೆಯೆಂಬುದು ತಿಳಿಯುತ್ತದೆ. 1995ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರೂಪುಗೊಂಡ ಮೈಕ್ರೋಅರೇ ಎಂಬ ಸಾಧನವು ಅನೇಕ ಜೀನುಗಳನ್ನು ಏಕಕಾಲದಲ್ಲಿ ಅಳೆಯುವ ಶಕ್ತಿಯನ್ನು ಕೊಟ್ಟಿತು; 2005ರಲ್ಲಿ, ಆರೋಗ್ಯವಂತರಿಗೆ ಬ್ಯಾಕ್ಟೀರಿಯಾದ ವಿಷಾಂಶವನ್ನು ಅತ್ಯಲ್ಪವಾಗಿ ಚುಚ್ಚಿದಾಗ ಸಾವಿರಾರು ಜೀನುಗಳು ಕೆಲವೇ ಗಂಟೆಗಳಲ್ಲಿ ಬದಲಾಗುವುದು ಕಂಡುಬಂದಿತು.

ಆದರೆ ಈ ಉತ್ಸಾಹಕ್ಕೆ 2011ರಲ್ಲಿ ಒಂದು ಎಚ್ಚರಿಕೆ ದೊರೆಯಿತು. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರ ರಕ್ತವನ್ನು ಪರಿಶೀಲಿಸಿದ ಅಮೆರಿಕದ ಬೃಹತ್ ಅಧ್ಯಯನವು, ಬಿಳಿಯ ಕಣಗಳ ಜೀನುಗಳ ಪೈಕಿ ಶೇಕಡ 80ಕ್ಕೂ ಹೆಚ್ಚಿನವು ಗಾಯವೊಂದರಿಂದಲೇ ವ್ಯತ್ಯಾಸಗೊಳ್ಳುತ್ತವೆಂದು ತೋರಿಸಿತು. ಆರೋಗ್ಯವಂತನೊಡನೆ ರೋಗಿಯನ್ನು ಹೋಲಿಸಿ ಪಡೆದ ಸೋಂಕಿನ ಗುರುತು ಗಾಯದ ಗುರುತೂ ಆಗಿರಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಈ ಶಾಸ್ತ್ರದ ಮುಂದಿನ ಪ್ರಗತಿಯೆಲ್ಲವೂ ಯಂತ್ರಗಳ ಸೂಕ್ಷ್ಮತೆಗಿಂತ ಹೆಚ್ಚಾಗಿ, ಯಾರನ್ನು ಯಾರೊಡನೆ ಹೋಲಿಸಬೇಕೆಂಬ ವಿವೇಕದಿಂದ ಬಂದುದೆಂದು ನನ್ನ ದೃಢವಾದ ಅಭಿಪ್ರಾಯ.

ಈ ವಿವೇಕದ ಫಲ 2015ರಲ್ಲಿ ಎರಡು ಕಡೆ ಕಾಣಿಸಿತು. ಆಸ್ಟ್ರೇಲಿಯಾದ ಸಂಶೋಧಕರು ಸೆಪ್ಸಿಸ್ ರೋಗಿಗಳನ್ನು ಶಸ್ತ್ರಚಿಕಿತ್ಸೆಗೊಳಗಾಗಿ ಸೋಂಕಿಲ್ಲದೆ ಇದ್ದವರೊಡನೆ ತುಲನೆಮಾಡಿ ನಾಲ್ಕು ಜೀನುಗಳನ್ನು ಆಯ್ದರು. ಅವುಗಳ ಮೇಲೆ ನಿಂತ ಸೆಪ್ಟಿಸೈಟ್ ಪರೀಕ್ಷೆಗೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಅನುಮತಿ ದೊರೆಯಿತು. ತರುವಾಯ ಅದು ಎರಡೇ ಜೀನುಗಳಿಗೆ ಇಳಿದು, ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುವಂತಾಯಿತು. ಸ್ಟ್ಯಾನ್‌ಫರ್ಡಿನ ಸ್ವೀನಿ ಮತ್ತು ಖತ್ರಿ ಅವರ ತಂಡವಾದರೋ, ಗಾಯಗೊಂಡವನ ಜೀನುಗಳು ದಿನದಿಂದ ದಿನಕ್ಕೆ ಬದಲಾಗತಕ್ಕವೆಂಬುದನ್ನು ಮನಗಂಡು, ಗಾಯವಾಗಿ ಸಮಾನ ದಿನಗಳು ಕಳೆದ ಸೋಂಕಿತರನ್ನೂ ಸೋಂಕಿಲ್ಲದವರನ್ನೂ ಪರಸ್ಪರ ಹೋಲಿಸಿ ಹನ್ನೊಂದು ಜೀನುಗಳ ಸಮೂಹವನ್ನು ನಿರ್ಧರಿಸಿತು.

ಹೋಲಿಕೆಗೆ ಇನ್ನೂ ಉತ್ತಮವಾದ ಆಧಾರವೊಂದುಂಟು: ಅದು ಅದೇ ರೋಗಿಯ ಹಿಂದಿನ ರಕ್ತ. ಯೋಜಿತ ಶಸ್ತ್ರಚಿಕಿತ್ಸೆಯಲ್ಲಿ ಗಾಯದ ದಿನ ಮೊದಲೇ ಗೊತ್ತಿರುತ್ತದೆ; ಆದುದರಿಂದ ಅದಕ್ಕೆ ಮುನ್ನವೇ ರಕ್ತವನ್ನು ತೆಗೆದಿರಿಸಬಹುದು. ಬ್ರಿಟನ್ನಿನ ಪೋರ್ಟನ್ ಡೌನ್ ಪ್ರಯೋಗಾಲಯದ ವಿಜ್ಞಾನಿಗಳು ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅಧ್ಯಯನಕ್ಕೆ ಸೇರಿಸಿಕೊಂಡು, ಅನಂತರವೂ ರಕ್ತವನ್ನು ಸಂಗ್ರಹಿಸುತ್ತ ಬಂದು, ಸೆಪ್ಸಿಸ್ಸಿನ ಲಕ್ಷಣಗಳು ಹೊರಗೆ ತೋರುವ ಮೂರು ದಿನಗಳಷ್ಟು ಮುಂಚೆಯೇ ಜೀನುಗಳಲ್ಲಿ ಅದರ ಸುಳಿವು ದೊರೆಯಬಹುದೆಂದು 2022ರಲ್ಲಿ ಪ್ರಕಟಿಸಿದರು.

ಇಷ್ಟರಿಂದಲೇ ಕಾರ್ಯ ಪೂರೈಸಿತೆಂದು ತಿಳಿಯಲಾಗದು. ಸೆಪ್ಸಿಸ್ ಎಲ್ಲರಲ್ಲಿಯೂ ಏಕರೂಪವಾಗಿರುವುದಿಲ್ಲವೆಂದೂ, ಕೆಲವರಲ್ಲಿ ರೋಗನಿರೋಧಶಕ್ತಿಯೇ ಕುಗ್ಗಿರುತ್ತದೆಂದೂ 2016ರಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರು ತೋರಿಸಿದ್ದಾರೆ. ವೃದ್ಧರಲ್ಲಿ, ಅರ್ಬುದ ರೋಗಿಗಳಲ್ಲಿ, ಸ್ಟೀರಾಯ್ಡ್ ಸೇವಿಸುವವರಲ್ಲಿ ರಕ್ತಕಣಗಳ ನಡತೆ ಬೇರೆಯಾಗಿರಬಹುದು. ಪರೀಕ್ಷೆ ಸರಿಯಾದ ಉತ್ತರ ಕೊಟ್ಟರಷ್ಟೇ ಸಾಲದು. ಆ ಉತ್ತರವನ್ನು ನಂಬಿ ವೈದ್ಯನು ಆಂಟಿಬಯೋಟಿಕ್ಕನ್ನು ನಿಲ್ಲಿಸಿದಾಗ ರೋಗಿಗೆ ಕೇಡಾಗದೆಂದೂ, ಬೇಗನೆ ಆರಂಭಿಸಿದಾಗ ಪ್ರಾಣ ಉಳಿಯುವುದೆಂದೂ ಸಿದ್ಧವಾಗಬೇಕು. ಆ ಸಿದ್ಧಿಗಾಗಿ ನಡೆಯುವ ಪರೀಕ್ಷಣೆಗಳು ಶ್ರೀಮಂತ ನಗರಗಳ ತೀವ್ರನಿಗಾ ಘಟಕಗಳಲ್ಲಿ ಮಾತ್ರವೇ ಅಲ್ಲದೆ, ಸೋಂಕಿನ ಹೊರೆ ಅಧಿಕವಾಗಿರುವ ಸಾಮಾನ್ಯ ಆಸ್ಪತ್ರೆಗಳಲ್ಲಿಯೂ ನಡೆಯಬೇಕು. ಅಲ್ಲಿನ ರೋಗಿಗಳೊಡನೆ ಹೋಲಿಸಿ ನೋಡದ ಪರೀಕ್ಷೆಯನ್ನು ಅವರಿಗಾಗಿ ಆದುದೆಂದು ಹೇಳುವ ಹಕ್ಕು ನಮಗಿಲ್ಲ.